ಅವ್ವನ ಅಳತೆಯ ರೇಷ್ಮೆ

ತಾಯ್ ಸರೋವರದ ದಕ್ಷಿಣಕ್ಕಿರುವ ನಮ್ಮ ಲಿಯುತಾಂಗ್ ಊರಿನಲ್ಲಿ ರೇಷ್ಮೆ ಮೊಟ್ಟೆಗೆ ಕಾವು ಕೊಡುವವರು ಹೆಂಗಸರು, ಅದೂ ತಮ್ಮ ಎದೆಯ ಬಿಸಿಯಲ್ಲಿ. ಹಿಪ್ಪುನೇರಳೆಯ ಚಿಗುರು ಇಲಿಯ ಕಿವಿಯಷ್ಟಾಯಿತೆಂದರೆ ಮೊಟ್ಟೆ ಅಂಟಿದ ಕಾಗದವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಒಳಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಬಗ್ಗುವ ಹಾಗಿಲ್ಲ, ಓಡುವ ಹಾಗಿಲ್ಲ, ಮಲಗಿದರೆ ಮಗ್ಗುಲಾಗುವ ಹಾಗಿಲ್ಲ. ಗಂಡಂದಿರು ಹೊರಗಿನ ಹಲಗೆಯ ಮೇಲೆ ಮುದುರಿಕೊಂಡು ಗೊಣಗುತ್ತಾರೆ. ಗೊಣಗಲಿ ಬಿಡಿ, ಬೇರೇನು ಮಾಡಿಯಾರು!

ಈ ಕೆಲಸಕ್ಕೆಂದೇ ಹುಟ್ಟಿದವಳು ಪೇಯುನ್. ಯಾಕೆಂದರೆ ಅವಳು ಹುಟ್ಟಾ ಪುಕ್ಕಲಿ. ತವರಾದ ಹೆಂಗ್‌ಜಿಂಗಿನಲ್ಲಿ ಅವಳನ್ನು ಎಲ್ಲರೂ ಅದಕ್ಕಾಗಿಯೇ ಗೇಲಿ ಮಾಡುತ್ತಿದ್ದರು. ಗುಡುಗಿದರೆ ಬಾವಿಯ ಹಗ್ಗ ಕೈಬಿಡುವಳು, ದೋಣಿ ಸ್ವಲ್ಪ ವಾಲಿದರೆ ದೇವರ ಹೆಸರೆಲ್ಲ ಹೇಳುವಳು. ಆದರೆ ಮದುವೆಯಾಗಿ ನಮ್ಮೂರಿಗೆ ಬಂದು ಹುಳುವಿನ ಕೋಣೆ ಹೊಕ್ಕ ಮೇಲೆ ಅದೇ ಭಯಕ್ಕೆ ಬೆಲೆ ಬಂತು. ರೇಷ್ಮೆ ಹುಳುವಿಗೆ ಚಳಿ ಆಗದು, ಸೆಕೆ ಆಗದು, ಹೊಗೆ, ಮೀನು ಹುರಿದ ವಾಸನೆ, ಇರುವೆ, ಇಲಿ, ಕೂಗಾಟ ಯಾವುದೂ ಆಗದು. ಎಲ್ಲರಿಗಿಂತ ಮೊದಲು ಹೆದರುವವಳೇ ಒಳ್ಳೆಯ ಹುಳುಸಾಕಣೆಯವಳು. "ನನ್ನ ಸೊಸೆ ಹೆದರೋದು ನಿಲ್ಸಿದ ದಿನ ನಮ್ಮನೆ ಮುಳುಗ್ತು ಅಂತ ತಿಳ್ಕೊಳ್ಳಿ" ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಮುದುಕಿಯ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಪೇಯುನ್‌ಳ ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಹಾಗಾಗಿ ಆ ಮನೆಯ ಅಷ್ಟೂ ಬಿದಿರು ತಟ್ಟೆಗಳ ಹುಳು ಪೇಯುನ್‌ಳ ಎರಡು ಕೈಗಳಲ್ಲಿತ್ತು, ಮನೆಯ ವರ್ಷದ ಅನ್ನ ಆ ತಟ್ಟೆಗಳಲ್ಲಿತ್ತು.

ಇಷ್ಟು ರೇಷ್ಮೆ ತೆಗೆಯುವ ನಾವು ತೊಡುವುದು ಹತ್ತಿ. ನಮ್ಮ ನೂಲು ರಾಜಧಾನಿಗೆ ಹೋಗುತ್ತದೆ, ಅಧಿಕಾರಿಗಳ ಮೈಮೇಲೆ ಕಸೂತಿಯ ಕೊಕ್ಕರೆಯಾಗಿ, ಮೋಡವಾಗಿ ಕೂರುತ್ತದೆ. ಒಮ್ಮೆ ಊರಿನ ಮೇಷ್ಟ್ರು, ಹಿಂದಿನ ಒಳ್ಳೆಯ ರಾಜರ ಕಾಲದಲ್ಲಿ ಐವತ್ತು ದಾಟಿದವರೆಲ್ಲ ರೇಷ್ಮೆ ತೊಡುತ್ತಿದ್ದರು, ಹಿರಿಯರ ಮೈ ಬೆಚ್ಚಗಿದ್ದರೆ ಮಾತ್ರ ನಾಡು ಚೆನ್ನಾಗಿದೆ ಎಂದು ಲೆಕ್ಕ ಎಂದು ಹೇಳಿದ್ದರು. ಆಗ ಪೇಯುನ್‌ಳ ಅವ್ವ ಮಗಳ ಮನೆಗೆ ಬಂದಿದ್ದಳು. ತೇಪೆ ಹಾಕಿದ ತೋಳನ್ನು ಎತ್ತಿ ತೋರಿಸಿ ನಕ್ಕುಬಿಟ್ಟಳು. "ಮೇಷ್ಟ್ರೇ, ನಂಗೆ ಐವತ್ತು ದಾಟಿ ಆಯ್ತು. ಆ ರಾಜ ಎಲ್ಲಿದಾನೆ ಹೇಳಿ, ದೋಣಿ ಕಟ್ಕೊಂಡು ಹೋಗ್ತೀನಿ" ಎಂದಳು.

ಎಲ್ಲರೂ ನಕ್ಕರು, ಪೇಯುನ್ ನಗಲಿಲ್ಲ. ಅವ್ವನಿಗೆ ರೇಷ್ಮೆ ಅರಳೆ ತುಂಬಿದ ಒಂದು ಅಂಗಿ ಹೊಲಿದುಕೊಡುತ್ತೇನೆಂದು ಅಂದೇ ಮಾತು ಕೊಟ್ಟಳು. ಎರಡು ಹುಳು ಸೇರಿ ಒಂದೇ ಗೂಡು ಕಟ್ಟುವುದುಂಟು. ಅಂಥ ಜೋಡಿಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಬೇಯಿಸಿ ಹಿಂಜಿ ಅರಳೆ ಮಾಡುವುದೊಂದೇ ದಾರಿ. ಮಾರಲು ಬಾರದ ಆ ಗೂಡುಗಳು ಮನೆಯ ಹೆಂಗಸರ ಪಾಲು. ಆದರೆ ಒಂದು ವರ್ಷ ಅದು ಮಗಳ ಮದುವೆಯ ಹಚ್ಚಡಕ್ಕೆ ಹೋಯಿತು, ಇನ್ನೊಂದು ವರ್ಷ ಅತ್ತೆಯ ನೋವಿನ ಮಂಡಿಗೆ ಸುತ್ತಲು ಹೋಯಿತು. ಕೊನೆಗೊಂದು ವರ್ಷ ಅರಳೆ ಉಳಿಯಿತು. ಪೇಯುನ್ ಅದನ್ನು ಪೆಟ್ಟಿಗೆಯಲ್ಲಿಟ್ಟಳು. ಮೇಲುಬಟ್ಟೆ ಯಾವ ಬಣ್ಣದ್ದಿರಲಿ ಎಂದು ಯೋಚಿಸುತ್ತ ಯೋಚಿಸುತ್ತ ಚಳಿಗಾಲ ಕಳೆದೇ ಹೋಯಿತು.

ಅದೇ ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಹೊಸ ವರ್ಷಕ್ಕೆ ಹೋದಾಗ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ವಸಂತದಲ್ಲಿ ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ ಹೋದಾಗ ಗಂಜಿಯನ್ನು ಚಮಚದಲ್ಲಿ ಕುಡಿಸಬೇಕಾಯಿತು. ಹೊರಡುವ ಹೊತ್ತಿಗೆ ಪೇಯುನ್‌ಳ ಎದೆಯಲ್ಲಿ ಆಗಲೇ ಮೊಟ್ಟೆಯ ಕಾಗದವಿತ್ತು, ಅವ್ವನನ್ನು ಬಗ್ಗಿ ತಬ್ಬಿಕೊಳ್ಳುವುದಕ್ಕೂ ಆಗಲಿಲ್ಲ.

"ಹೋಗು ಹೋಗು, ಹುಳು ನೋಡ್ಕೋ" ಎಂದಳು ಅವ್ವ. "ಬಾಗಿಲು ತೆಗೆಯೋ ದಿನ ಮೊದಲ ದೋಣೀಲಿ ನಾನೇ ಬರ್ತೀನಿ. ಪ್ರತಿ ವರ್ಷ ಬಂದಿಲ್ವಾ?"

ಬಾಗಿಲು ತೆಗೆಯುವ ದಿನವೆಂದರೆ ಏನೆಂದು ಹೇಳಬೇಕು. ಮೊಟ್ಟೆಯೊಡೆದು ಮರಿಹುಳು ಹೊರಬಂದ ದಿನ ನಮ್ಮಲ್ಲಿ ಮನೆಮನೆಯ ಕದ ಹಾಕಿ ಅದರ ಮೇಲೆ ಕೆಂಪು ಕಾಗದ ಅಂಟಿಸುತ್ತಾರೆ. ಹುಳು ಗೂಡು ಕಟ್ಟುವವರೆಗೂ ಯಾರೂ ಯಾರ ಮನೆಗೂ ಹೋಗುವುದಿಲ್ಲ. ನೆಂಟರಿಲ್ಲ, ಮದುವೆಯಿಲ್ಲ, ಜಗಳವೂ ಇಲ್ಲ. ತೆರಿಗೆಯವನು ಕೂಡ ಸುಳಿಯುವುದಿಲ್ಲ, ಆ ತಿಂಗಳ ಒಂದೇ ಸುಖ ಅದು. ಬಸುರಿ ಹುಳುವಿನ ಕೋಣೆ ಮೆಟ್ಟಬಾರದು, ಸೂತಕದವರಂತೂ ಹೊಸಿಲು ದಾಟಲೇಬಾರದು. ದಾಟಿದರೆ ಹುಳು ಅಷ್ಟೂ ಕೊಳೆಯುತ್ತದೆ ಎಂದು ನಂಬಿಕೆ. ಗೂಡು ಕಟ್ಟಿದ ಮೇಲೆ ಕೆಂಪು ಕಾಗದ ಕಿತ್ತು ಬಾಗಿಲು ತೆರೆದರೆ, ಮೊದಲು ಬರುವವರು ಸೊಸೆಯ ತವರಿನವರು, ಆ ಹೊತ್ತಿಗೆ ಹಣ್ಣಾಗುವ ಹಳದಿ ಲಕ್ಕೋಟೆ ಹಣ್ಣು, ಉಪ್ಪು ಮೀನು ಹೊತ್ತುಕೊಂಡು.

ಆ ವರ್ಷ ಹುಳು ಚೆನ್ನಾಗಿಯೇ ಎದ್ದವು. ಪೊರೆ ಬಿಡಲು ಮಲಗುವ ಮೊದಲ ನಿದ್ದೆ, ಎರಡನೆಯದು, ಮೂರನೆಯದು ಕಳೆದು, ಕೊನೆಯ ದೊಡ್ಡ ನಿದ್ದೆಯೂ ಮುಗಿದು ಸೊಪ್ಪಿನ ಮೇಲೆ ಬಿದ್ದವು. ಕೋಣೆಯಲ್ಲಿ ಅಕ್ಕಿ ತೊಳೆಯುವಂಥ ಸದ್ದು ಹಗಲಿರುಳೂ ನಿಲ್ಲದು. ಗಂಡ ಗೆನ್‌ಫು ತೋಟದಿಂದ ಸೊಪ್ಪು ತಂದು ತಂದು ಬಾಗಿಲಲ್ಲಿ ಸುರಿಯುತ್ತಿದ್ದ, ನಮ್ಮ ಗಂಡಸರೆಲ್ಲ ಬಿಡುವ ಉದ್ದ ಜಡೆಯನ್ನು ಬೆವರಿಗೆ ಕೊರಳಿಗೆ ಸುತ್ತಿಕೊಂಡು. ಪೇಯುನ್‌ಳ ಕೈ ಸೊಪ್ಪಿನಲ್ಲಿ, ಕಿವಿ ಮಾತ್ರ ಹಿಂಬದಿಯ ಕಾಲುವೆಯಲ್ಲಿ. ತವರಿನ ಕಡೆಯಿಂದ ದೋಣಿ ಬಂದ ಸದ್ದಾದರೆ ಸಾಕು, ಹುಟ್ಟಿನ ಪೆಟ್ಟು ನಿಧಾನವಾಯಿತೇ, ನಮ್ಮ ಮೆಟ್ಟಿಲ ಹತ್ತಿರ ನಿಂತಿತೇ ಎಂದು ಉಸಿರು ಹಿಡಿದು ಕೇಳುವಳು. ದೋಣಿ ಮುಂದೆ ಹೋದರೆ ಅವ್ವ ಇನ್ನೂ ಇದ್ದಾಳೆ ಎಂದು ತಾನೇ ತೀರ್ಮಾನ ಮಾಡಿಕೊಳ್ಳುವಳು. ಮುಂದಿನ ದೋಣಿಯ ಸದ್ದು ಕೇಳುವವರೆಗೂ ಆ ಸಮಾಧಾನ ಇರುತ್ತಿತ್ತು.

ಒಂದು ಮಧ್ಯಾಹ್ನ ತುಂತುರು ಆಗಷ್ಟೇ ನಿಂತಿತ್ತು. ತಟ್ಟೆ ತೊಳೆಯಲೆಂದು ಹಿಂದಿನ ಬಾಗಿಲಿಂದ ಕಾಲುವೆಯ ಮೆಟ್ಟಿಲಿಗೆ ಬಂದಳು. ಎದುರು ದಂಡೆಯಲ್ಲಿ ಅವಳ ತಮ್ಮ ಶೌಶೆಂಗ್ ನಿಂತಿದ್ದ. ಕಂಕುಳಲ್ಲಿ ಎಣ್ಣೆಕಾಗದದ ಕೊಡೆ. ಕೊಡೆಯ ಮೊನೆ ಕೆಳಗಿತ್ತು.

ಮಡಿಸಿದ ಕೊಡೆಯನ್ನು ನಾವು ಮೊನೆ ಮೇಲೆ ಮಾಡಿಯೇ ಹಿಡಿಯುತ್ತೇವೆ, ಮನೆಯಲ್ಲಿ ತೂಗುಹಾಕುವುದೂ ಹಾಗೆಯೇ. ಸಾವಿನ ಸುದ್ದಿ ಒಯ್ಯುವವನೊಬ್ಬನೇ ಅದನ್ನು ತಲೆಕೆಳಗು ಮಾಡಿ ಕಂಕುಳಲ್ಲಿ ಇರುಕಿಕೊಳ್ಳುವುದು. ಅವನು ಬಾಯಿ ಬಿಡಬೇಕಾಗಿಲ್ಲ, ದೂರದಿಂದ ಕಂಡವರಿಗೇ ಗೊತ್ತಾಗುತ್ತದೆ. ಸುದ್ದಿ ಕೇಳಿದ ಮನೆಯವರು ಅವನು ಹೋದ ಮೇಲೆ ಬಟ್ಟಲೊಂದನ್ನು ಹೊಸಿಲಿಗೆ ಕುಕ್ಕಿ ಒಡೆಯುತ್ತಾರೆ.

ಶೌಶೆಂಗ್ ಕೂಗಲಿಲ್ಲ. ಹುಳುವಿನ ಮನೆಯ ಹತ್ತಿರ ಕೂಗಬಾರದೆಂಬಷ್ಟು ಬುದ್ಧಿ ಅವನಿಗೂ ಇತ್ತು. ಅಕ್ಕನನ್ನು ಕಂಡು ಕೈ ಎತ್ತಿದ, ಬಾಯಿ ತೆರೆದ. ಪೇಯುನ್ ತಟ್ಟೆಯನ್ನು ನೀರಲ್ಲೇ ಬಿಟ್ಟು, ತಿರುಗಿ, ಒಳಗೆ ಹೋಗಿ ಅಗುಳಿ ಹಾಕಿದಳು.

ಯಾಕೆ ಹಾಗೆ ಮಾಡಿದಳೆಂದು ನೀವು ಕೇಳಬಹುದು. ಕೇಳಿಸಿಕೊಂಡರೆ ಸೂತಕ. ಸೂತಕವಾದರೆ ಹುಳುವಿನ ಕೋಣೆಗೆ ಕಾಲಿಡುವಂತಿಲ್ಲ, ತವರಿಗೆ ಹೊರಡಬೇಕು. ಹೊರಟರೆ ಹಸಿದ ಹುಳುಗಳಿಗೆ ಸೊಪ್ಪು ಹಾಕುವವರಿಲ್ಲ. ಕೇಳಿಸಿಕೊಳ್ಳದಿದ್ದರೆ ಏನೂ ಆಗಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗ ಅವಳಿಗೆ ತೋಚಿದ್ದು ಇಷ್ಟೇ. ಆಮೇಲೆ ಕಿಂಡಿಯಲ್ಲಿ ನೋಡಿದಳು. ಶೌಶೆಂಗ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತಿದ್ದು, ದೋಣಿ ಹತ್ತಿ ಹೋಗಿಬಿಟ್ಟ. ತೇಲಿಹೋದ ತಟ್ಟೆಯನ್ನು ಸಂಜೆ ಗೆನ್‌ಫು ಕೆಳಗಿನ ಸೇತುವೆಯ ಹತ್ತಿರ ಹಿಡಿದು ತಂದ. ಕೈ ಜಾರಿತು ಎಂದಳು.

ಅವತ್ತಿನಿಂದ ಅವಳಿಗೆ ಎರಡು ಬಗೆಯ ಸಂಕಟ. ಅವ್ವ ಹೋದಳು, ಮಗಳಾಗಿ ತಾನು ಹೋಗಲಿಲ್ಲ ಎಂಬುದು ಒಂದು. ಸೂತಕದ ಮೈಯಲ್ಲಿ ಹುಳು ಮುಟ್ಟುತ್ತಿದ್ದೇನೆ ಎಂಬುದು ಇನ್ನೊಂದು. ಒಂದನ್ನು ನೆನೆದು ಅಳು ಬಂದರೆ ಇನ್ನೊಂದು ಅದನ್ನು ನುಂಗಿಸುತ್ತಿತ್ತು, ಕಣ್ಣೀರು ಸೊಪ್ಪಿನ ಮೇಲೆ ಬಿದ್ದರೆ ಹುಳುವಿಗೆ ಕೆಟ್ಟದ್ದಲ್ಲವೇ? ಸತ್ತವರಿಗಾಗಿ ತಲೆಗೆ ಬಿಳಿ ಕಟ್ಟುವ ಹಾಗಿಲ್ಲ, ಗೋಣಿಯಂಥ ಸೆಣಬಿನ ಬಟ್ಟೆ ಉಡುವ ಹಾಗಿಲ್ಲ. ಒಂದೆಳೆ ಸೆಣಬಿನ ದಾರವನ್ನು ಅಂಗಿಯ ತೋಳಿನ ಒಳಗೆ ಮಣಿಕಟ್ಟಿನ ಮೇಲೆ ಕಟ್ಟಿಕೊಂಡಳು. ಮಾಂಸ, ಮೊಟ್ಟೆ ಬಿಟ್ಟಳು.

ಅತ್ತೆಯ ಕಣ್ಣು ಮಂಜಾಗಿತ್ತು, ಆದರೆ ಯಾರ ಬಟ್ಟಲಲ್ಲಿ ಏನು ಉಳಿಯಿತು ಎಂಬುದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು.

"ಏನೇ, ಬಾತುಮೊಟ್ಟೆ ಮತ್ತೆ ಬಿಟ್ಟಿದೀಯಾ?"

"ಹೊಟ್ಟೆ ಸರಿ ಇಲ್ಲ ಅತ್ತೆ."

"ನೆನ್ನೆನೂ ಸರಿ ಇರ್ಲಿಲ್ಲ. ಮೊನ್ನೆನೂ ಇರ್ಲಿಲ್ಲ." ಮುದುಕಿ ಊಟದ ಕಡ್ಡಿಗಳನ್ನು ಕೆಳಗಿಟ್ಟು ಹತ್ತಿರ ಸರಿದಳು. "ನನ್ನ ಹತ್ರ ಮುಚ್ಚಿಡ್ಬೇಡ ಕಣೇ. ನಿಂಗೇನಾದ್ರೂ ನಿಂತಿದೆಯಾ?"

"ಅಯ್ಯೋ ಅತ್ತೆ! ಮಗಳ ಮದುವೆ ಮಾಡಿ ಕಳಿಸಿದೀನಿ!"

"ಅದಕ್ಕೇನೀಗ? ನಮ್ಮತ್ತೆ ಮೊಮ್ಮಗನ ಜೊತೆಗೇ ಹೆತ್ತಳು. ಗೆನ್‌ಫು ಹಲಗೆ ಮೇಲೆ ಮಲಗಿದಾನೆ ಅಂತ ನಾನು ನಂಬ್ಕೊಂಡಿದ್ನಲ್ಲಪ್ಪ!"

"ಅವರು ಹಲಗೆ ಮೇಲೇ ಮಲಗಿದ್ದಾರೆ. ಬಸುರೂ ಇಲ್ಲ, ಬಯಕೇನೂ ಇಲ್ಲ."

"ನಿಜ ಹೇಳು. ಬಸುರಿ ಕಾಲು ಬಿದ್ರೆ ಹುಳು ಉಳಿಯಲ್ಲ. ಇಲ್ಲ ತಾನೇ?"

"ಇಲ್ಲ ಅತ್ತೆ" ಎಂದಳು ಪೇಯುನ್. ಅದು ನಿಜವೇ ಆಗಿತ್ತು. ಆದರೆ ಸುಳ್ಳು ಹೇಳಿದವಳಿಗಿಂತ ಹೆಚ್ಚು ಬೆವರಿದಳು.

ಮಾರನೆಯ ಬೆಳಗ್ಗೆ ಪಡುವಣ ಗೋಡೆಯ ಕೆಳಗಿನ ತಟ್ಟೆಯಲ್ಲಿ ಕೆಲವು ಹುಳು ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದವು. ಸೊಪ್ಪು ಮುಟ್ಟಲಿಲ್ಲ. ಮುಟ್ಟಿದರೆ ಮೈ ಮೆತ್ತಗೆ, ನೀರು ತುಂಬಿದಂತಿತ್ತು. ಪೇಯುನ್ ತಟ್ಟೆಯನ್ನು ಬೆಳಕಿಗೆ ಎಳೆದಳು. ಆಯಿತು, ಶುರುವಾಯಿತು, ನನ್ನಿಂದಲೇ ಶುರುವಾಯಿತು! ಕಾಯಿಲೆಯ ಹುಳುಗಳನ್ನು ಆರಿಸಿ ಬೂದಿಯಲ್ಲಿ ಹೂತಳು. ಒಲೆಯ ಪಕ್ಕದ ಗೋಡೆಯ ಮೇಲೆ ಕುದುರೆಯೊಂದಿಗೆ ನಿಂತ ಹುಳುದೇವಿಯ ಚಿತ್ರವಿತ್ತು. ಅದರ ಮುಂದೆ ಹಣೆ ನೆಲಕ್ಕೆ ಹಚ್ಚಿದಳು. ತಾಯಿ, ಅವ್ವನಿಗೆ ಮಾಡಿದ ದ್ರೋಹಕ್ಕೆ ನನ್ನನ್ನು ಹಿಡಿ, ಹುಳುವನ್ನು ಬಿಡು ಎಂದು ಬೇಡಿದಳು. ಆಮೇಲೆ ಹಾಗೆ ಬೇಡಿದ್ದು ತಪ್ಪಾಯಿತೇನೋ ಎಂದು ಅದಕ್ಕೂ ಹೆದರಿದಳು. ದೇವಿಗೆ ಗೊತ್ತಿಲ್ಲದಿದ್ದರೆ ತಾನೇ ಹೇಳಿಕೊಟ್ಟ ಹಾಗಾಯಿತಲ್ಲ!

ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಳು. ಒಮ್ಮೆ ಅತ್ತೆಯ ಎದುರಿಗೆ ಹೋಗಿ ನಿಂತೂ ನಿಂತಳು.

"ಅತ್ತೆ, ನಾನು..."

"ಏನು? ಸೊಪ್ಪು ಸಾಲಲ್ವಾ?"

"ಸೊಪ್ಪು ಒದ್ದೆ ಇದೆ" ಎಂದುಬಿಟ್ಟಳು.

ಅದೂ ನಿಜವೇ. ತುಂತುರಿನಲ್ಲಿ ಕೊಯ್ದ ಸೊಪ್ಪನ್ನು ಗೆನ್‌ಫು ಸರಿಯಾಗಿ ಒರೆಸಿರಲಿಲ್ಲ, ಅದು ಹೋಗಿ ಬಿದ್ದದ್ದು ಪಡುವಣ ಗೋಡೆಯ ಆ ತಟ್ಟೆಗೇ. ಒದ್ದೆ ಸೊಪ್ಪು ತಿಂದ ಹುಳುವಿನ ಹೊಟ್ಟೆ ಕೆಡುತ್ತದೆ. ಇದು ನಮ್ಮೂರಿನ ಯಾವ ಹೆಂಗಸಿಗೂ ಗೊತ್ತು, ಪೇಯುನ್‌ಳಿಗೂ ಗೊತ್ತಿತ್ತು. ಭಯ ಹೊಕ್ಕ ತಲೆಗೆ ಗೊತ್ತಿರುವುದೆಲ್ಲ ಎಲ್ಲಿ ನೆನಪಾಗುತ್ತದೆ?

ಕಾಯಿಲೆ ಬೇರೆ ತಟ್ಟೆಗೆ ಹಬ್ಬಲಿಲ್ಲ. ಹುಳು ಹಣ್ಣಾದವು, ಮೈ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು. ಹುಲ್ಲಿನ ಕಂತೆಗಳನ್ನು ನಿಲ್ಲಿಸಿ, ಗೂಡು ಕಟ್ಟಲೆಂದು ಹುಳುಗಳನ್ನು ಅವುಗಳ ಮೇಲೆ ಏರಿಸಿದರು. ಬೆಟ್ಟ ಹತ್ತಿದವು ಎನ್ನುತ್ತೇವೆ. ಇನ್ನು ಸೊಪ್ಪಿಲ್ಲ, ಓಡಾಟವಿಲ್ಲ, ಕೋಣೆ ಬೆಚ್ಚಗಿಟ್ಟುಕೊಂಡು ಕಾಯುವುದಷ್ಟೇ. ಕೈ ಖಾಲಿಯಾದ ಕೂಡಲೇ ಪೇಯುನ್‌ಗೆ ನಿಲ್ಲಲಾಗಲಿಲ್ಲ. ಪೆಟ್ಟಿಗೆ ತೆರೆದು ಅವ್ವನ ಅಂಗಿಗೆಂದು ಇಟ್ಟಿದ್ದ ಅರಳೆ ತೆಗೆದು, ಗಂಡನನ್ನು ಹಿಂದಿನ ಕೋಣೆಗೆ ಕರೆದಳು.

"ರೀ, ಇದರ ಆ ಕಡೆ ತುದಿ ಹಿಡ್ಕೊಳ್ಳಿ."

"ಅಂಗಿಗಾ? ಈಗ್ಲಾದ್ರೂ ಹೊಲೀತಿದೀಯಲ್ಲ, ಪುಣ್ಯ" ಎಂದು ಗೆನ್‌ಫು ಹಿಡಿದುಕೊಂಡ.

ಅರಳೆಯನ್ನು ಎಳೆಯುವುದು ಇಬ್ಬರ ಕೆಲಸ. ಇಬ್ಬರೂ ಸಮನಾಗಿ ಹಿಂದಕ್ಕೆ ಸರಿಯಬೇಕು. ಒಬ್ಬರು ಅವಸರಪಟ್ಟರೆ ಹರಿಯುತ್ತದೆ. ಪೇಯುನ್ ಎಳೆದಳು, ಹಿಂದೆ ಸರಿದಳು. ಅರಳೆ ತೋಳಿನಷ್ಟಾಯಿತು, ಬೆನ್ನಿನಷ್ಟಾಯಿತು. ಅಂಗಿಗೆ ಅಷ್ಟು ಸಾಕು. ಅವಳು ನಿಲ್ಲಲಿಲ್ಲ. ಗೆನ್‌ಫುವಿನ ಬೆನ್ನು ಗೋಡೆಗೆ ತಾಗಿತು. ಇಬ್ಬರ ನಡುವೆ ಒಂದಾಳುದ್ದದ ಬಿಳಿಯ ತೆಳು ಹೊದಿಕೆ ಉಸಿರಿಗೂ ಅಲುಗುತ್ತಿತ್ತು.

ನಮ್ಮ ಕಡೆ ಹಾಗೆ ಒಂದಾಳುದ್ದಕ್ಕೆ ಎಳೆಯುವುದು ಒಂದೇ ಕಾರಣಕ್ಕೆ. ಸತ್ತವರನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಬಂಧುಗಳು ಇಬ್ಬಿಬ್ಬರಾಗಿ ನಿಂತು ಅರಳೆ ಎಳೆದು ಒಂದರ ಮೇಲೊಂದು ಹೊದಿಸುತ್ತಾರೆ. ಬದುಕಿಡೀ ರೇಷ್ಮೆ ಮುಟ್ಟಿಯೂ ತೊಡದವರಿಗೆ ಆಗ ಸಿಗುತ್ತದೆ. ಮೊದಲ ಹೊದಿಕೆ ಮಗಳದ್ದು.

ಗೆನ್‌ಫುವಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೈ ಸಡಿಲಿಸಲಿಲ್ಲ.

"ಯಾವಾಗ?" ಎಂದು ಕೇಳಿದ.

"ದೊಡ್ಡ ನಿದ್ದೆ ಆದ್ಮೇಲೆ. ಶೌಶೆಂಗ್ ಬಂದಿದ್ದ, ಆಚೆ ದಡದಲ್ಲಿ. ಕೊಡೆ ಕೆಳಗೆ ಮಾಡ್ಕೊಂಡು."

"ಹುಳು ನೋಡೋಕೆ ನಮ್ಮವ್ವನೂ ನಾನೂ ಇರ್ಲಿಲ್ವೇನೇ? ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೋಣೆಗೆ ಬಿಡ್ತಿದ್ರಾ?"

ಅವನು ಹೊದಿಕೆಯ ಉದ್ದಕ್ಕೂ ಕಣ್ಣಾಡಿಸಿದ. ಮೆಲ್ಲಗೆ ಹೇಳಿದ: "ಪೆಟ್ಟಿಗೆಗೆ ಮೊಳೆ ಹೊಡೆದಿರ್ತಾರೆ ಪೇಯುನ್. ಇದನ್ನ ಎಲ್ಲಿ ಹೊದಿಸ್ತೀಯಾ?"

"ಪೆಟ್ಟಿಗೆ ಮೇಲೆ ಹೊದಿಸ್ತೀನಿ. ಮಣ್ಣು ಮಾಡಿದ್ರೆ ಮಣ್ಣಿನ ಮೇಲೆ ಹೊದಿಸ್ತೀನಿ."

ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಅವನು ತಡಕಾಡಿದ. ಚಳಿಗಾಲದಲ್ಲಿ ಮೇಷ್ಟ್ರ ಹತ್ತಿರ ನಾಲ್ಕಕ್ಷರ ಕಲಿತಿದ್ದ. "ಮುಗಿಯೋದು ಅಂತ ಬರೆಯೋ ಅಕ್ಷರದ ಚಿತ್ರದೊಳಗೆ ರೇಷ್ಮೆ ಎಳೆಯ ಗುರುತಿದೆ. ಮುಂದುವರಿಯೋದು ಅನ್ನೋ ಅಕ್ಷರದಲ್ಲೂ ಅದೇ ಎಳೆ ಇದೆ. ಮೇಷ್ಟ್ರು ತೋರಿಸಿದ್ರು" ಎಂದ.

"ಈಗ ಅಕ್ಷರ ಬೇಡ. ತುದಿ ಬಿಗಿಯಾಗಿ ಹಿಡೀರಿ" ಎಂದಳು ಪೇಯುನ್. ಆಮೇಲೆ ಅತ್ತಳು. ಹುಳುವಿನ ಕೋಣೆಯಿಂದ ದೂರವಿದ್ದುದರಿಂದ ಗಟ್ಟಿಯಾಗಿಯೇ ಅತ್ತಳು. ಅತ್ತೆ ಆಚೆಯಿಂದ, ಇಲಿ ಬಂತೇನೇ ಎಂದು ಕೇಳಿದಳು.

ಬಾಗಿಲು ತೆಗೆಯುವ ಬೆಳಗ್ಗೆ ಊರಿನ ಎಲ್ಲ ಕದಗಳ ಮೇಲಿನ ಕೆಂಪು ಕಾಗದ ಪರಪರ ಹರಿಯಿತು. ಹುಲ್ಲಿನ ಕಂತೆಯ ಮೇಲೆ ಗೂಡುಗಳು ಬೆಳ್ಳಗೆ ಕಿಕ್ಕಿರಿದಿದ್ದವು. ಅತ್ತೆ ಕೈಯಿಂದ ತಡವಿ ತಡವಿ ನಗುತ್ತಿದ್ದಳು. ಪೇಯುನ್ ನೋಡಲೂ ಇಲ್ಲ. ಅರಳೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ಮೆಟ್ಟಿಲಿಗೆ ಬಂದಳು. ಗೆನ್‌ಫು ದೋಣಿಯ ಹಗ್ಗ ಬಿಚ್ಚುತ್ತಿದ್ದ. ಹೆಂಗ್‌ಜಿಂಗ್ ಮುಟ್ಟಿದರೆ ಯಾರ ಮುಖ ನೋಡುವುದು, ಯಾಕೆ ಬರಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂದು ಹೆದರುತ್ತ ಗಂಟನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದಳು.

ಆಗ ಕಾಲುವೆಯ ತಿರುವಿನಲ್ಲಿ ಒಂದು ದೋಣಿ ಬಂತು. ಹುಟ್ಟು ಹಾಕುತ್ತಿದ್ದವನು ಶೌಶೆಂಗ್. ಅವನ ಮುಂದೆ ಬುಟ್ಟಿ. ಬುಟ್ಟಿಯ ಹಿಂದೆ, ಇಳಿದುಹೋದ ಕೆನ್ನೆಯ, ತೇಪೆ ತೋಳಿನ ಒಬ್ಬ ಮುದುಕಿ.

"ನಿಂತ್ಕೊಂಡು ಏನೇ ನೋಡ್ತೀಯಾ, ಕೈ ಕೊಡು" ಎಂದಳು ಮುದುಕಿ. "ಕೆಮ್ಮು ಹೋಯ್ತು, ಮಂಡಿ ಇನ್ನೂ ಹೋಗಿಲ್ಲ."

ಪೇಯುನ್ ಕೈ ಕೊಡಲಿಲ್ಲ. ಮೆಟ್ಟಿಲ ಮೇಲೆ, ನೀರಿಗೇ ಕಾಲು ಬಿಟ್ಟು ಕುಸಿದು ಕೂತಳು. ಗೆನ್‌ಫು ಹಗ್ಗ ಹಿಡಿದುಕೊಂಡೇ, "ಅತ್ತೇ... ನೀವಾ?" ಎಂದ.

"ನಾನಲ್ದೆ ಇನ್ಯಾರಪ್ಪ? ಪ್ರತಿ ವರ್ಷ ಮೊದಲ ದೋಣೀಲಿ ಯಾರು ಬರೋದು?"

"ಶೌಶೆಂಗ್!" ಪೇಯುನ್ ಕಿರುಚಿದಳು. ಒಂದು ತಿಂಗಳಲ್ಲಿ ಆ ಮನೆಯಿಂದ ಅಷ್ಟು ದೊಡ್ಡ ದನಿ ಹೊರಟಿರಲಿಲ್ಲ. "ಅವತ್ತು ಕೊಡೆ ಯಾಕೋ ಹಾಗೆ ಹಿಡ್ಕೊಂಡು ಬಂದಿದ್ದೆ, ಮುಂಡೇದೇ?"

"ಹೇಗೆ?"

"ಮೊನೆ ಕೆಳಗೆ ಮಾಡಿ!"

ಶೌಶೆಂಗ್ ಯೋಚಿಸಿದ. ಬಾತುಕೋಳಿ ಮಾರಿ ಬುಟ್ಟಿ ವಾಪಸು ತಾ ಎಂದರೆ ಬುಟ್ಟಿ ಮಾರಿ ಬಾತುಕೋಳಿ ವಾಪಸು ತಂದ ಆಸಾಮಿ ಅವನು, ಅವನಿಗೆ ಯೋಚಿಸಲು ಹೊತ್ತು ಬೇಕು. "ಓ, ಅದಾ? ಅವ್ವ ಗಂಜಿ ಬಿಟ್ಟು ಅನ್ನ ತಿಂದಳು ಅಂತ ಹೇಳೋಕೆ ಬಂದಿದ್ದೆ ಅಕ್ಕ. ನಮ್ಮ ಮರದ ಮೊದಲ ಲಕ್ಕೋಟೆ ಹಣ್ಣು ಕಳಿಸಿದ್ಲು. ಬುಟ್ಟಿ ಮನೇಲೇ ಮರ್ತೆ. ಕೊಡೆ ಮಡಿಕೆ ಒಳಗೆ ತುಂಬ್ಕೊಂಡೆ. ಮೊನೆ ಮೇಲೆ ಮಾಡಿದ್ರೆ ಹಣ್ಣೆಲ್ಲ ಬಿದ್ದೋಗ್ತಿರ್ಲಿಲ್ವಾ?"

"ಹಣ್ಣು ಎಲ್ಲೋ?"

"ನೀನು ನೋಡಿದ್ದೇ ಒಳಗೆ ಓಡಿಹೋದೆ. ಏನೋ ಕೋಪ ಅಂದ್ಕೊಂಡೆ. ದಾರೀಲಿ ತಿಂದೆ."

ಗದ್ದಲ ಕೇಳಿ ಗೆನ್‌ಫುವಿನ ತಾಯಿಯೂ ಗೋಡೆ ಹಿಡಿದು ಮೆಟ್ಟಿಲಿಗೆ ಬಂದಳು. ಗೆನ್‌ಫು ನಾಲ್ಕು ಮಾತಿನಲ್ಲಿ ವಿಷಯ ಹೇಳಿದ. ಮುದುಕಿ ಕೆಂಡವಾದಳು. "ಅಂದ್ರೆ ಸೂತಕ ಇಟ್ಕೊಂಡು ನನ್ನ ಹುಳು ಮುಟ್ಟಿದ್ಲಾ ಇವಳು?" ಎಂದು ಕೂಗಿದಳು. ಮತ್ತೆ ಬೀಗಿತ್ತಿಯ ಕಡೆ ಮುಖ ತಿರುಗಿಸಿ, "ಆದ್ರೆ ನೀವು ಸತ್ತಿಲ್ವಲ್ಲ. ಹಾಗಾದ್ರೆ ಸೂತಕ ಎಲ್ಲಿಂದ ಬಂತು? ಗೂಡೂ ಚೆನ್ನಾಗಿವೆ" ಎಂದು ತನ್ನಷ್ಟಕ್ಕೇ ಗೊಣಗಿ, ಬೈಯಲು ಏನೂ ಸಿಗದೆ ಟೀ ಕಾಯಿಸಲು ಹೋದಳು.

ಅವ್ವ ಗೆನ್‌ಫುವಿನ ತೋಳು ಹಿಡಿದು ದೋಣಿಯಿಂದಿಳಿದು ಮಗಳ ಪಕ್ಕ ಒದ್ದೆ ಕಲ್ಲಿನ ಮೇಲೇ ಕೂತಳು. ಪೇಯುನ್‌ಳ ಕೈ ಎಳೆದುಕೊಂಡಾಗ ಅಂಗಿಯ ತೋಳು ಮೇಲೆ ಸರಿದು ಸೆಣಬಿನ ದಾರ ಕಂಡಿತು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಬಗ್ಗಿ ಹಲ್ಲಿನಿಂದ ಕಚ್ಚಿ ಹರಿದು, ನೀರಿಗೆ ಉಗಿದಳು.

"ಆ ಗಂಟಿನಲ್ಲೇನಿದೆ?"

"ಏನಿಲ್ಲವ್ವ."

ಅವ್ವ ತಾನೇ ಬಿಚ್ಚಿದಳು. ಅವಳೂ ಹೆಂಗ್‌ಜಿಂಗಿನಲ್ಲಿ ಎಷ್ಟೋ ಶವಪೆಟ್ಟಿಗೆಗಳ ಪಕ್ಕ ನಿಂತು ಅರಳೆ ಎಳೆದವಳು. ಮಡಿಕೆ ಬಿಚ್ಚುತ್ತ ಹೋದಳು, ಅದು ಮುಗಿಯಲೇ ಇಲ್ಲ. ಅರ್ಧಕ್ಕೆ ಅವಳ ಕೈ ನಿಂತಿತು.

"ಅಂಗಿಗೆ ಇಷ್ಟುದ್ದ ಯಾಕೇ?" ಎಂದಳು.

ಪೇಯುನ್ ಬಿಕ್ಕಳಿಸಿದಳು. "ನಾನು ಬರ್ಲಿಲ್ಲವ್ವ. ನೀನು ಹೋದೆ ಅಂತ ಗೊತ್ತಾಗಿಯೂ ನಾನು ಬರ್ಲಿಲ್ಲ."

"ಹುಳು ಊಟಕ್ಕೆ ಬಿದ್ದಾಗ ನಾನಾದ್ರೂ ಬರ್ತಿರ್ಲಿಲ್ಲ." ಅವ್ವ ಹೊದಿಕೆಯನ್ನು ಒಂದು ಸಲ ಮಡಿಸಿದಳು, ಇನ್ನೊಂದು ಸಲ ಮಡಿಸಿದಳು, ಹೆಗಲ ಮೇಲೆ ಹೊದ್ದು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. "ಏನು ಬೆಚ್ಚಗಿದೆಯೇ ಇದು! ಇದನ್ನ ಕೊಟ್ಟು ಕೊಟ್ಟು ಯಾರ್ಯಾರಿಗೋ ತೊಡ್ಸಿದ್ವಲ್ಲ. ನೋಡು, ಮೇಷ್ಟ್ರು ಹೇಳಿದ ರಾಜ ಕೊನೆಗೂ ಬಂದ."

ಬೇಸಗೆ ಕಾಲಿಟ್ಟಿತ್ತು. ಊಟದ ಹೊತ್ತಿಗೆ ಅವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಲ್ಲರೂ ತೆಗಿ ತೆಗಿ ಎಂದರೂ ಅವಳು ಅದನ್ನು ಮೈಮೇಲಿಂದ ತೆಗೆಯಲಿಲ್ಲ.

ಅದಕ್ಕೆ ಮೇಲುಬಟ್ಟೆಯಾಗಿ ನೀಲಿ ಹತ್ತಿಬಟ್ಟೆ ಬಂತು. ಅವ್ವ ಹೆಂಗ್‌ಜಿಂಗಿನ ಬಿಸಿಲುಕಟ್ಟೆಯಲ್ಲಿ ಆ ಅಂಗಿ ತೊಟ್ಟುಕೊಂಡು ಇನ್ನೂ ಕೆಲವು ಚಳಿಗಾಲ ಕೂತಳು. ಕೇಳಿದವರಿಗೆಲ್ಲ ಒಳಗಿನ ಅರಳೆ ಯಾವ ಅಳತೆಯದು ಎಂಬುದನ್ನು ಹೇಳಿ ನಗುತ್ತಿದ್ದಳು. ಪೇಯುನ್‌ಗೆ ಮಾತ್ರ ಆ ನಗೆ ಎಂದೂ ಬರಲಿಲ್ಲ. ಹುಳುವಿನ ತಿಂಗಳು ಬಂದರೆ ಆಮೇಲೂ ಅವಳ ಕಿವಿ ಕಾಲುವೆಯಲ್ಲೇ. ಭಯ ಹೋಗಲಿಲ್ಲ. ನಮ್ಮೂರಿನಲ್ಲಿ ಅವಳಷ್ಟು ಗೂಡು ತೆಗೆಯುವವಳೂ ಬೇರೆ ಇಲ್ಲ.

ಕೊನೆಗೊಂದು ಮಾಗಿಯಲ್ಲಿ, ಕದಗಳೆಲ್ಲ ತೆರೆದಿದ್ದ ಕಾಲದಲ್ಲಿ, ಶೌಶೆಂಗ್ ಮುಂಬಾಗಿಲಿಗೇ ಬಂದ. ಮಳೆಯಿರಲಿಲ್ಲ. ಕೊಡೆ ಕಂಕುಳಲ್ಲಿತ್ತು, ಮೊನೆ ಕೆಳಗಿತ್ತು. ಪೇಯುನ್ ಈ ಸಲ ಓಡಲಿಲ್ಲ. ಹತ್ತಿರ ಹೋಗಿ ಕೊಡೆಯ ಮಡಿಕೆಯೊಳಗೆ ಕೈ ಹಾಕಿದಳು. ಮಾಗಿಯಲ್ಲಿ ಲಕ್ಕೋಟೆ ಹಣ್ಣು ಇರುವುದಿಲ್ಲವೆಂದು ಅವಳಿಗೇನು ಗೊತ್ತಿಲ್ಲವೇ? ಆದರೂ ಒಂದೊಂದೇ ಮಡಿಕೆ ಬಿಡಿಸಿ, ತಳದವರೆಗೂ ತಡಕಿದಳು. ಶೌಶೆಂಗ್ ಮಗುವಿನಂತೆ ಅಳುತ್ತ, ಅವಳು ಹುಡುಕಿ ಮುಗಿಸುವವರೆಗೂ ಕೊಡೆಯನ್ನು ಹಾಗೆಯೇ ಹಿಡಿದು ನಿಂತಿದ್ದ.

ಏನೂ ಇರಲಿಲ್ಲ. ಪೇಯುನ್ ಕೈ ಹೊರತೆಗೆದಳು. ತಮ್ಮನನ್ನು ಒಳಗೆ ಕೂರಿಸಿ, ಪೆಟ್ಟಿಗೆ ತೆರೆದು ಆ ವರ್ಷದ ಅರಳೆ ತೆಗೆದು, ಗಂಡನನ್ನು ಕೂಗಿದಳು.

"ರೀ, ಹೊರಡಿ. ಆ ಕಡೆ ತುದಿ ಹಿಡಿಯೋಕೆ ನೀವು ಬೇಕು."